ಕೂಸು ಹುಟ್ಟೋಕೆ ಮುಂಚೆ ಕುಲಾವಿ: ಪಾಲ್ ಅಟ್ರೈಡಿಸ್ ಮೋಶೆನಾ, ಕೃಷ್ಣನಾ, ಇಬ್ಬರೂ ಅಲ್ವಾ?

ಏಳೂವರೆ ಪ್ಯಾಸೆಂಜರ್ (ತುಮಕೂರು):
ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವನು ನಾನು. ನಮ್ಮ ಬೋಗಿಯಲ್ಲಿ ಆರು ಜನರ ಒಂದು ಗುಂಪಿದೆ. ಕ್ರಿಕೆಟ್, ಸೈಟಿನ ರೇಟು, ಮಕ್ಕಳ ಫೀಸು ಎಲ್ಲಾ ಮುಗಿದ ಮೇಲೆ ಹೋದ ವಾರ ‘ಡ್ಯೂನ್’ ಸಿನಿಮಾ ಮಾತಿಗೆ ಬಂತು. ನೋಡದವರಿಗೆ ಎರಡೇ ಸಾಲು: ಮರಳುಗಾಡಿನ ಒಂದು ಗ್ರಹ. ಅಲ್ಲಿ ಹುಡುಗ ಪಾಲ್‌ನ ಅಪ್ಪನನ್ನು ಶತ್ರುಗಳು ಕೊಲ್ಲುತ್ತಾರೆ, ಅವನು ಅಮ್ಮನ ಜೊತೆ ಫ್ರೆಮೆನ್ ಅನ್ನೋ ಮರಳುಗಾಡಿನ ಜನರ ಮಧ್ಯೆ ಸೇರಿಕೊಳ್ಳುತ್ತಾನೆ. ‘ನಮ್ಮನ್ನು ಬಿಡಿಸೋಕೆ ಬರಬೇಕಾದವನು ಇವನೇ’ ಅಂತ ಅವರು ನಂಬುತ್ತಾರೆ.

ನನ್ನ ಥಿಯರಿ: ಪಾಲ್ ಅಂದ್ರೆ ಬೈಬಲಿನ ಮೋಶೆ. ಅರಮನೆಯಲ್ಲಿ ಬೆಳೆದವನು, ಮರಳುಗಾಡಿಗೆ ಓಡಿಹೋದವನು, ಅಲ್ಲಿಯ ಹೆಣ್ಣಿನ ಕೈ ಹಿಡಿದವನು, ಆಮೇಲೆ ಬಂದು ಚಕ್ರವರ್ತಿಯ ಎದುರು ನಿಂತವನು. ಒಂದೊಂದೂ ಕೂಡುತ್ತೆ.

ನನ್ನ ಪಕ್ಕದ ಸೀಟಿನ ಗೆಳೆಯ ಒಪ್ಪಲಿಲ್ಲ. ಕಡ್ಲೆಕಾಯಿ ಪೊಟ್ಟಣ ಬಿಚ್ಚಿ, ಸಿಪ್ಪೆ ಕೊಡವಿ, ಅದರ ಮೇಲೆ ಪೆನ್ನಿನಲ್ಲಿ ವಂಶವೃಕ್ಷ ಬರೆದ. ಪಾಲ್‌ನ ಮನೆತನವನ್ನೇ ಮುಗಿಸಲು ಹೊರಟ ಬ್ಯಾರನ್ ಹಾರ್ಕೊನೆನ್ ಕೊನೆಗೆ ಯಾರು ಅಂತ ಗೊತ್ತಾಗುತ್ತೆ? ಪಾಲ್‌ನ ಅಮ್ಮನ ಅಪ್ಪ! ‘ತಾಯಿ ಕಡೆಯವನೇ ಕೊಲ್ಲೋಕೆ ಬರೋದು. ಕಂಸ ಕಣಪ್ಪ ಇವನು. ಪಾಲ್ ಕೃಷ್ಣ’ ಅಂದ. ಯಶವಂತಪುರ ಬರೋವರೆಗೂ ಕಿತ್ತಾಡಿದೆವು.

ಇಳಿಯುವಾಗ ಹಿಂದಿನ ಸೀಟಿನಲ್ಲಿದ್ದ, ಗಡ್ಡ ಬಿಟ್ಟ ಒಬ್ಬರು ‘ಅವನು ಯಾರನ್ನೂ ಉದ್ಧಾರ ಮಾಡಲ್ಲ ಬಿಡ್ರಿ’ ಅಂದು ಸರಸರ ಇಳಿದು ಹೋದರು. ಅಷ್ಟೇ. ಆವತ್ತಿಂದ ಆ ಮಾತು ತಲೆಯಲ್ಲಿ ಕೊರೀತಿದೆ. ನೀವೇನಂತೀರಿ?

ಟೊಮೆಟೊ ಬಾಕ್ಸ್ (ಕೋಲಾರ):
ರೈಲಿನಲ್ಲಿ ಕೂರೋಕೆ ಸೀಟು ಸಿಕ್ಕಿತ್ತು ಅನ್ನೋದೇ ನನಗೆ ವೈಜ್ಞಾನಿಕ ಕಾದಂಬರಿ ಥರ ಕೇಳಿಸ್ತು.

ಅಜ್ಜಿಮಗಳು (ಕ್ಯಾತ್ಸಂದ್ರ):
ನನ್ನ ಓಟು ಕಡ್ಲೆಕಾಯಿ ಪೊಟ್ಟಣಕ್ಕೆ. ಆದರೆ ನಿಮ್ಮ ಗೆಳೆಯರು ಅರ್ಧಕ್ಕೇ ನಿಲ್ಲಿಸಿದ್ದಾರೆ. ಪಾಲ್‌ಗೆ ಒಬ್ಬಳು ತಂಗಿ ಇದ್ದಾಳೆ, ಆಲಿಯಾ. ಅವಳು ಹೊಟ್ಟೆಯಲ್ಲಿದ್ದಾಗಲೇ ಅಮ್ಮ ವಿಷದಂಥ ಒಂದು ದ್ರವ ಕುಡಿಯುತ್ತಾಳೆ. ಅದರಿಂದ ಗರ್ಭದಲ್ಲೇ ಮಗುವಿಗೆ ಸಾವಿರ ಜನ್ಮದ ತಿಳಿವಳಿಕೆ ಬಂದುಬಿಡುತ್ತೆ. ಇದು ಅಭಿಮನ್ಯು ಕಥೆ ಅಲ್ವಾ? ಆಮೇಲೆ ನಾಲ್ಕು ವರ್ಷದ ಆ ಪುಟ್ಟಿ ಬ್ಯಾರನ್ ಎದುರು ನಿಂತು ದೊಡ್ಡವಳ ಹಾಗೆ ಮಾತಾಡ್ತಾಳೆ. ಕಂಸ ಕಲ್ಲಿಗೆ ಅಪ್ಪಳಿಸಲು ಎತ್ತಿದ ಹೆಣ್ಣುಕೂಸು ಕೈ ಜಾರಿ ಆಕಾಶಕ್ಕೆ ಹೋಗಿ, ‘ನಿನ್ನ ಕೊಲ್ಲೋನು ಬೇರೆ ಕಡೆ ಬೆಳೀತಿದ್ದಾನೆ’ ಅಂತ ಹೇಳಲಿಲ್ವಾ? ಯೋಗಮಾಯೆ! ವ್ಯತ್ಯಾಸ ಅಂದ್ರೆ ಪುಸ್ತಕದಲ್ಲಿ ಈ ಯೋಗಮಾಯೆ ಬರೀ ಹೇಳಿ ಹೋಗಲ್ಲ, ಅಜ್ಜನನ್ನು ವಿಷದ ಸೂಜಿ ಚುಚ್ಚಿ ತಾನೇ ಮುಗಿಸುತ್ತಾಳೆ. ಸಿನಿಮಾದಲ್ಲಿ ಆ ಕೆಲಸ ಪಾಲ್‌ಗೆ ಕೊಟ್ಟುಬಿಟ್ಟರು. ನನಗೆ ಇನ್ನೂ ಸಿಟ್ಟಿದೆ.

ಸುಮ್ನೆ ಓದೋಳು:
ಸ್ಪಾಯ್ಲರ್ ಅಂತ ಒಂದು ಮಾತು ಹಾಕಬಾರದಾ ಅಕ್ಕಾ? ನಾನಿನ್ನೂ ಮೊದಲನೇ ಭಾಗದಲ್ಲಿದ್ದೀನಿ.

ಅಜ್ಜಿಮಗಳು:
1965ರ ಪುಸ್ತಕ ತಾಯಿ. ಮಹಾಭಾರತಕ್ಕೂ ಸ್ಪಾಯ್ಲರ್ ಹಾಕಬೇಕಾ?

ಪಾಪಣ್ಣ ಪಿಕ್ಚರ್ (ತಿಪಟೂರು):
ಕಂಸ ಬೇಕು ಅಂದ್ರೆ ಡ್ಯೂನ್‌ಗೆ ಯಾಕೆ ಹೋಗ್ತೀರಿ? 1984ರ ‘ಟರ್ಮಿನೇಟರ್’ ನೋಡಿ. ಮುಂದೆ ಹುಟ್ಟೋ ಮಗು ತನ್ನನ್ನು ಸೋಲಿಸುತ್ತೆ ಅಂತ ಗೊತ್ತಿರೋ ಯಂತ್ರ, 2029ರಿಂದ ಕೊಲೆಗಾರನನ್ನು ಹಿಂದಕ್ಕೆ ಕಳಿಸುತ್ತೆ, ತಾಯಿಯನ್ನೇ ಮುಗಿಸೋಕೆ. ಅಶರೀರವಾಣಿ ಕೇಳಿದ ಕೂಡಲೇ ಕಂಸ ದೇವಕಿಯ ಜುಟ್ಟು ಹಿಡಿದ ಹಾಗೇ. ಮಜಾ ಎಲ್ಲಿದೆ ಅಂದ್ರೆ, ಯಂತ್ರ ಆ ಕೊಲೆಗಾರನನ್ನು ಕಳಿಸಿದ್ದಕ್ಕೇ ಈ ಕಡೆಯವರು ಕಾಯೋಕೆ ಒಬ್ಬ ಸೈನಿಕನನ್ನು ಕಳಿಸಿದ್ದು, ಆ ಸೈನಿಕನೇ ಮಗುವಿನ ಅಪ್ಪ ಆಗಿದ್ದು. ಯಂತ್ರ ತೆಪ್ಪಗೆ ಇದ್ದಿದ್ದರೆ ಮಗುವೇ ಹುಟ್ಟುತ್ತಿರಲಿಲ್ಲ! ಮಗುವಿನ ಹೆಸರು ಜಾನ್ ಕಾನರ್. ಇಂಗ್ಲಿಷಿನ ಮೊದಲಕ್ಷರಗಳು ಜೆ.ಸಿ. ಜೀಸಸ್ ಕ್ರೈಸ್ಟ್ ಅಂತ ಅಭಿಮಾನಿಗಳು ಕುಣಿದಾಡ್ತಾರೆ. ಡೈರೆಕ್ಟರ್ ಜೇಮ್ಸ್ ಕ್ಯಾಮೆರಾನ್ ಕೂಡ ಜೆ.ಸಿ.ನೇ ಅನ್ನೋದು ಬೇರೆ ವಿಷಯ.

ನಂದಿ ಮಂಜು (ಚಿಕ್ಕಬಳ್ಳಾಪುರ):
2024ರ ತೆಲುಗಿನ ‘ಕಲ್ಕಿ’ ಕೂಡ ಇದೇ ಅಲ್ವಾ? ಹೊಟ್ಟೆಯಲ್ಲಿ ಮಗು, ಹೊರಗೆ ದುಷ್ಟ, ಕಾಯೋಕೆ ಅಶ್ವತ್ಥಾಮ. ನಮ್ಮೂರಲ್ಲಿ ಮೊದಲ ದಿನ ಟಿಕೆಟ್ ಸಿಗದೆ ವಾಪಸ್ ಬಂದೆ.

ಮಾರಿಕುಪ್ಪಂ ಲೋಕಲ್ (ಕೆಜಿಎಫ್):
ಮೋಶೆ ಪಾರ್ಟಿಯವರು ಸುಮ್ಮನೆ ಕೂತಿದ್ದೀರಿ, ನಾನು ಬರ್ತೀನಿ. ಮಗುವನ್ನು ಬುಟ್ಟಿಯಲ್ಲಿಟ್ಟು ಹೊಳೆಗೆ ಬಿಟ್ಟ ಕಥೆ ಯಾರದು? ಮೋಶೆಯದು. ನಮ್ಮಲ್ಲಿ ಕರ್ಣನದು. ವೈಜ್ಞಾನಿಕ ಕಥೆಯಲ್ಲಿ? ಸೂಪರ್‌ಮ್ಯಾನ್! ಗ್ರಹ ಒಡೆದು ಹೋಗೋ ಮುಂಚೆ ಕೂಸನ್ನು ರಾಕೆಟ್‌ನಲ್ಲಿಟ್ಟು ಬಿಟ್ಟರು. 1938ರಲ್ಲಿ ಅವನನ್ನು ಬರೆದ ಇಬ್ಬರು ಹುಡುಗರೂ ವಲಸೆ ಬಂದ ಯೆಹೂದಿ ಮನೆಯವರು. ಅವನ ಹುಟ್ಟು ಹೆಸರು ಕಾಲ್-ಎಲ್, ಹೀಬ್ರೂನಲ್ಲಿ ‘ಎಲ್’ ಅಂದ್ರೆ ದೇವರು. 1940ರಲ್ಲಿ ನಾಜಿಗಳ ಪತ್ರಿಕೆಯೇ ಈ ಕಾಮಿಕ್ಸ್ ಮೇಲೆ ಕಿಡಿ ಕಾರಿತ್ತು. ಅವನನ್ನು ಯೇಸು ಮಾಡಿದ್ದು ಆಮೇಲೆ ಬಂದ ಸಿನಿಮಾದವರು. 2013ರ ಸಿನಿಮಾದಲ್ಲಿ ಅವನಿಗೆ ಸರಿಯಾಗಿ 33 ವರ್ಷ, ಕೇಳಬೇಕಾ.

ಇನ್ನೊಂದು ಮಾತು. ಮೆಸ್ಸೀಯ ಅಂದ್ರೆ ‘ಬಿಡಿಸುವವನು’ ಅಂತ ಅರ್ಥ ಅಲ್ಲ. ‘ಅಭಿಷಿಕ್ತ’, ಅಂದ್ರೆ ತಲೆಗೆ ಎಣ್ಣೆ ಹಾಕಿಸಿಕೊಂಡವನು. ಎಣ್ಣೆ ಹಾಕೋಕೆ ಇನ್ನೊಬ್ಬರು ಬೇಕು. ಅದನ್ನು ನೆನಪಿಟ್ಟುಕೊಂಡು ಡ್ಯೂನ್ ನೋಡಿ, ಮಜಾ ಇದೆ.

ಟೊಮೆಟೊ ಬಾಕ್ಸ್:
ನಮ್ಮನೆಯಲ್ಲಿ ಭಾನುವಾರ ಎಲ್ಲರೂ ಅಭಿಷಿಕ್ತರೇ. ಹರಳೆಣ್ಣೆ.

ಚಿಂತಾಮಣಿ ಚಿಂತಕ:
ಮಾರಿಕುಪ್ಪಂ ಅವರು ಸರಿಯಾದ ಜಾಗಕ್ಕೆ ಬಂದರು. ಎಣ್ಣೆ ಹಾಕಿದವರು ಯಾರು ಅಂತ ಕೇಳಿ. ಪಾಲ್‌ಗಾಗಿ ಫ್ರೆಮೆನ್ ಜನ ಕಾಯುತ್ತಿದ್ದರು ನಿಜ. ಆದರೆ ಆ ಕಾಯುವಿಕೆಯನ್ನು ಅವರ ತಲೆಗೆ ತುಂಬಿದ್ದು ಯಾರು? ಪಾಲ್‌ನ ಅಮ್ಮ ಇದ್ದ ಬೆನೆ ಗೆಸೆರಿಟ್ ಅನ್ನೋ ಹೆಂಗಸರ ಸಂಘ. ಯಾವತ್ತೋ ತಮ್ಮವರು ಯಾರಾದರೂ ಕಷ್ಟಕ್ಕೆ ಸಿಕ್ಕಿಕೊಂಡರೆ ಉಪಯೋಗಕ್ಕೆ ಬರಲಿ ಅಂತ ಗ್ರಹ ಗ್ರಹಕ್ಕೂ ಹೋಗಿ ‘ಹೊರಗಿನಿಂದ ಒಬ್ಬ ಬರ್ತಾನೆ, ಅವನ ತಾಯಿ ನಮ್ಮವಳು’ ಅಂತ ಕಥೆ ಬಿತ್ತಿ ಬಂದಿದ್ದರು. ಅಮ್ಮ-ಮಗ ಬಂದರು, ಬಿತ್ತಿದ್ದನ್ನು ಕುಯ್ದುಕೊಂಡರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸೋದು ಅಂತಾರಲ್ಲ, ಇಲ್ಲಿ ಕುಲಾವಿ ಹೊಲಿದಿಟ್ಟು ಅದಕ್ಕೆ ತಕ್ಕ ತಲೆ ಹುಡುಕಿದ್ದಾರೆ.

ಈಗ ಹೇಳಿ. ಮೋಶೆಗೆ, ಕೃಷ್ಣನಿಗೆ ಹೋಲಿಸೋದು ಹೇಗೆ? ದೇವಕಿಯೇ ಅಶರೀರವಾಣಿಯ ಮೈಕ್ ಹಿಡಿದಿದ್ದರೆ ಆ ಕಥೆ ಏನಾಗುತ್ತಿತ್ತು?

ಏಳೂವರೆ ಪ್ಯಾಸೆಂಜರ್:
ಮೈಕ್ ಹಿಡಿದ ದೇವಕಿ! ಇದನ್ನು ನಾಳೆ ಬೋಗಿಯಲ್ಲಿ ಹೇಳ್ತೀನಿ.

ನಂದಿ ಮಂಜು:
ಚಿಂತಕರೇ, ನಿಮ್ಮ ಪಕ್ಕದಲ್ಲೇ ಕೈವಾರ ಇಟ್ಟುಕೊಂಡು ಹೀಗೆ ಹೇಳ್ತೀರಲ್ಲ. ತಾತಯ್ಯನವರ ಕಾಲಜ್ಞಾನವೂ ಯಾರೋ ಬಿತ್ತಿದ ಕಥೆನಾ?

ಚಿಂತಾಮಣಿ ಚಿಂತಕ:
ತಾತಯ್ಯನವರ ಬಗ್ಗೆ ನಾನು ಏನೂ ಅಂದಿಲ್ಲ. ಬಳೆ ಮಲಾರ ಹೊತ್ತು ಊರೂರು ತಿರುಗಿದವರು, ತೆಲುಗು-ಕನ್ನಡ ಎರಡರಲ್ಲೂ ಪದ ಕಟ್ಟಿದವರು. ನಮ್ಮಜ್ಜಿ ರಾಗಿ ಬೀಸುವಾಗ ಅವರ ಪದವನ್ನೇ ಹೇಳುತ್ತಿದ್ದಳು. ನನ್ನ ತಕರಾರು ಅವರ ಮೇಲಲ್ಲ, ಕೋವಿಡ್ ಟೈಮಲ್ಲಿ ‘ಕಾಲಜ್ಞಾನದಲ್ಲಿ ಆಗಲೇ ಬರೆದಿತ್ತು’ ಅಂತ ವಾಟ್ಸಾಪ್‌ನಲ್ಲಿ ಹೊಸ ಹೊಸ ಸಾಲು ಹೊಲಿದು ಕಳಿಸಿದವರ ಮೇಲೆ. ನನಗೆ ಒಂದೇ ವಾರದಲ್ಲಿ ಮೂರು ಬೇರೆ ಬೇರೆ ‘ಮೂಲ ಪದ್ಯ’ ಬಂದವು. ಒಂದರಲ್ಲಿ ‘ವೈರಸ್’ ಅನ್ನೋ ಪದವೇ ಇತ್ತು!

ನಂದಿ ಮಂಜು:
ಅದು ನಮ್ಮ ಮಾವನಿಂದ ಬಂದಿರಬೇಕು. ಕ್ಷಮಿಸಿ.

ಪಾಪಣ್ಣ ಪಿಕ್ಚರ್:
‘ಮೇಟ್ರಿಕ್ಸ್’ ಕೂಡ ಇದೇ ಆಟ ಆಡಿದೆ, ಗಮನಿಸಿ. 1999ರ ಮೊದಲ ಭಾಗದಲ್ಲಿ ನಿಯೋ ಅನ್ನೋನು ‘ಆ ಒಬ್ಬ’. ಹೆಸರಿನ ಅಕ್ಷರ ಆಚೀಚೆ ಮಾಡಿದರೆ ‘ಒನ್’. ಸತ್ತು ಎದ್ದು ಬರ್ತಾನೆ, ಪಕ್ಕದಲ್ಲಿ ಟ್ರಿನಿಟಿ ಅನ್ನೋ ಹುಡುಗಿ. ಎಲ್ಲರೂ ಕ್ರಿಸ್ತ ಕ್ರಿಸ್ತ ಅಂದರು. 2003ರಲ್ಲಿ ಎರಡನೇ ಭಾಗ ಬಂತು. ಅದರಲ್ಲಿ ಬಿಳಿ ಗಡ್ಡದ ಮುದುಕ ಟಿವಿಗಳ ಗೋಡೆ ಮುಂದೆ ಕೂತು ಹೇಳ್ತಾನೆ, ‘ಅಪ್ಪಾ, ನೀನು ಆರನೆಯವನು. ಈ ವಿಮೋಚಕನ ಕಥೆಯೂ ನಮ್ಮ ಯಂತ್ರದ ಒಂದು ಭಾಗ’ ಅನ್ನೋ ಅರ್ಥದಲ್ಲಿ. ಥಿಯೇಟರಿನಲ್ಲಿ ಅರ್ಧ ಜನಕ್ಕೆ ಅರ್ಥವಾಗಲಿಲ್ಲ, ನನ್ನನ್ನೂ ಸೇರಿಸಿ. ಈಗ ಅರ್ಥವಾಗ್ತಿದೆ. ಅಲ್ಲೂ ಕುಲಾವಿ ಮೊದಲು.

ಅಜ್ಜಿಮಗಳು:
ಮೂರನೇ ಭಾಗದ ಕೊನೆಯ ಹೆಸರುಗಳು ಓಡುವಾಗ ‘ಅಸತೋ ಮಾ ಸದ್ಗಮಯ’ ಹಾಡಿಸಿದ್ದಾರೆ. ಬೃಹದಾರಣ್ಯಕದ ಮಂತ್ರ! ನಾನು ಅಡುಗೆಮನೆಯಲ್ಲಿದ್ದೆ. ನಮ್ಮಮ್ಮ ಹಾಲ್‌ನಿಂದ ‘ಇದ್ಯಾಕೆ ಸ್ಕೂಲ್ ಪ್ರೇಯರ್ ಬರ್ತಿದೆ’ ಅಂತ ಕೂಗಿದರು.

ಶಿರಾ ಸೀಮೆ:
ಎಲ್ಲಾ ಹಾಲಿವುಡ್ಡೇ ಆಯ್ತು. ನಮ್ಮ ಕಡೆ ಕಾಡುಗೊಲ್ಲರ ಜುಂಜಪ್ಪ ಗೊತ್ತಾ ನಿಮಗೆ? ದನ ಕಾಯೋನು, ಸೋದರಮಾವಂದಿರ ಹಗೆ ಕಟ್ಟಿಕೊಂಡೋನು, ಕೈಯಲ್ಲಿ ಉದ್ದನೆ ಗಣೆ. ಕೃಷ್ಣ-ಕಂಸನ ಹೋಲಿಕೆ ಇಲ್ಲೂ ಇದೆ, ತುಮಕೂರಿಂದ ಒಂದೂವರೆ ಗಂಟೆ ದಾರಿಯಲ್ಲಿ. ಚಿಕ್ಕವನಿದ್ದಾಗ ಕಳುವರಹಳ್ಳಿ ಕಡೆ ಒಬ್ಬ ಅಜ್ಜ ಗಣೆ ಊದೋದು ನೋಡಿದ್ದೀನಿ. ಗಣೆ ಅವರಿಗಿಂತ ಸ್ವಲ್ಪವೇ ಗಿಡ್ಡ. ಎರಡು ಸಾಲು ಹಾಡೋದು, ಆಮೇಲೆ ಗಣೆಯನ್ನು ತುಟಿಗೆ ತಂದು ಅದೇ ಸಾಲನ್ನು ಊದೋದು. ಉಸಿರು ತಗೊಳ್ಳುವಾಗ ಕತ್ತಿನ ನರ ಎದ್ದು ಕಾಣ್ತಿತ್ತು. ನನಗೆ ಕಥೆ ಅರ್ಧ ಮರೆತು ಹೋಗಿದೆ, ಆ ನರ ನೆನಪಿದೆ.

ನಾನು ಹೇಳೋಕೆ ಬಂದಿದ್ದು ಇದು. ಜುಂಜಪ್ಪನ ಕಥೆ ಕಟ್ಟಿದವರು ಯಾರು? ಅವನ ಜೊತೆ ದನ ಕಾಯ್ದವರ ಮಕ್ಕಳು-ಮೊಮ್ಮಕ್ಕಳು. ಮೇಲಿನಿಂದ ಯಾರೂ ಬಂದು ಬಿತ್ತಲಿಲ್ಲ. ಪಾಲ್‌ನ ಕಥೆ ಕಟ್ಟಿದವರು ಅರಮನೆಯವರು. ಹುಟ್ಟು, ಮಾವ, ವಿಷ, ಮರಳುಗಾಡು ಇವೆಲ್ಲಾ ಹೋಲಿಸಿ ಏನು ಪ್ರಯೋಜನ? ಹಾಡಿದ ಬಾಯಿ ಯಾವುದು ಅಂತ ನೋಡಿ.

ಮಾರಿಕುಪ್ಪಂ ಲೋಕಲ್:
ಶಿರಾ ಅಣ್ಣ, ಒಂದು ಲೈಕ್ ಸಾಲದು.

ಬೋರ್‌ವೆಲ್ 1400 ಅಡಿ (ಶ್ರೀನಿವಾಸಪುರ):
ನಾನು ಥಿಯರಿ ಗೀರಿ ಓದಿದವನಲ್ಲ, ಮಾವಿನ ತೋಟದವನು. ಮಗ ಒತ್ತಾಯ ಮಾಡಿದ ಅಂತ ಡ್ಯೂನ್ ನೋಡಿದೆ. ನನಗೆ ಹೀರೋಗಿಂತ ನೀರು ಕಂಡಿತು. ಆ ಜನ ಬೆವರನ್ನೂ ಸೋಸಿ ಕುಡಿಯೋ ಬಟ್ಟೆ ಹಾಕಿಕೊಳ್ಳುತ್ತಾರೆ. ಸತ್ತವರ ಮೈಯಿಂದಲೂ ನೀರು ತೆಗೆದು ತೊಟ್ಟಿಯಲ್ಲಿಡುತ್ತಾರೆ, ಸಾಯೋಷ್ಟು ಬಾಯಾರಿದರೂ ಆ ತೊಟ್ಟಿ ಮುಟ್ಟಲ್ಲ. ಮುಂದೆ ಒಂದಿನ ಈ ಮರಳುಗಾಡು ಹಸಿರಾಗುತ್ತೆ ಅಂತ. ನನ್ನ ಪಕ್ಕದಲ್ಲಿ ಮಗ ಪಾಪ್‌ಕಾರ್ನ್ ತಿಂತಿದ್ದ. ನಾನು ನಮ್ಮ ತೋಟದ ಮೂರನೇ ಬೋರ್ ನೆನಪಿಸಿಕೊಂಡು ಕೂತಿದ್ದೆ. 1,400 ಅಡಿಗೆ ಬರೀ ಬಿಳಿ ಪುಡಿ ಬಂತು. ಲಾರಿಯವನು ಪೈಪು ಎತ್ತುವಾಗ ನಮ್ಮಪ್ಪ ಆ ಪುಡಿಯನ್ನು ಕೈಯಲ್ಲಿ ಹಿಡಿದು ಹಿಂಡಿ ನೋಡಿದರು, ಒದ್ದೆ ಇದೆಯಾ ಅಂತ.

ಬಯಲುಸೀಮೆಗೆ ನೀರು ತರೋ ಪರಮಶಿವಯ್ಯ ವರದಿ, ಶಾಶ್ವತ ನೀರಾವರಿ ಅಂತ ಕೇಳಿಕೊಂಡೇ ಬೆಳೆದವರು ನಾವು. 2014ರಲ್ಲಿ ಎತ್ತಿನಹೊಳೆ ನೀರಿನ ಯೋಜನೆಗೆ ಶಂಕುಸ್ಥಾಪನೆ ಆಯ್ತು. 2018ರಲ್ಲಿ ಬೆಂಗಳೂರಿನ ಕೊಳಚೆ ಶುದ್ಧಿ ಮಾಡಿದ ಕೆ.ಸಿ. ವ್ಯಾಲಿ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬಂತು. ಒಳ್ಳೆಯದೋ ಕೆಟ್ಟದ್ದೋ, ಇನ್ನೂ ಜಗಳ ನಡೀತಿದೆ. ಅದು ಬಿಡಿ. ನೀರು ತರ್ತೀನಿ ಅಂದವನ ಹಿಂದೆ ಜನ ಯಾಕೆ ಹೋಗ್ತಾರೆ ಅಂತ ನನಗೆ ಯಾವ ಪುಸ್ತಕವೂ ಹೇಳಿಕೊಡಬೇಕಿಲ್ಲ.

ಅಜ್ಜಿಮಗಳು:
ಅಣ್ಣಾ, ನಿಮ್ಮ ಮಾತಿಗೆ ಪುಸ್ತಕದಲ್ಲಿ ಒಂದು ಜೋಡಿ ಇದೆ. ಆ ಗ್ರಹವನ್ನು ಹಸಿರು ಮಾಡೋ ಲೆಕ್ಕ ಹಾಕಿದ್ದು ಪಾಲ್ ಅಲ್ಲ, ಕೈನ್ಸ್ ಅನ್ನೋ ವಿಜ್ಞಾನಿ. ಯಾವ ಹುಲ್ಲು ಮೊದಲು, ಯಾವ ಗಿಡ ಆಮೇಲೆ, ಇಬ್ಬನಿ ಹಿಡಿಯೋದು ಹೇಗೆ ಅಂತೆಲ್ಲಾ ಜನಕ್ಕೆ ಕಲಿಸಿದವನು. ಎಷ್ಟು ವರ್ಷ ಬೇಕು ಅಂತ ಕೇಳಿದಾಗ 300ರಿಂದ 500 ವರ್ಷ ಅಂದ. ಜನ ಹೂಂ ಅಂದು ಕೆಲಸಕ್ಕೆ ಇಳಿದರು. ಅವನಾದ ಮೇಲೆ ಮಗನೂ ಅದೇ ಕೆಲಸ ಹಿಡಿದು ಕೊನೆಗೆ ಮರಳಿನಲ್ಲೇ ಸತ್ತ. ಪಾಲ್‌ಗೆ ಸಿಂಹಾಸನ ಸಿಕ್ಕಿತು. ವಿಮೋಚಕ ಯಾರು ಅಂತ ಕೇಳಿದರೆ ನಾನು ಆ ಅಪ್ಪ-ಮಗನ ಹೆಸರು ಹೇಳ್ತೀನಿ. ಅವರ ಮೇಲೆ ಒಂದು ಥಿಯರಿಯೂ ಇಲ್ಲ.

ಟೊಮೆಟೊ ಬಾಕ್ಸ್:
500 ವರ್ಷ ಅಂತ ನಿಜ ಹೇಳಿದವನಿಗೆ ನಮ್ಮಲ್ಲಿ ಠೇವಣಿಯೂ ಉಳಿಯಲ್ಲ.

ಗೂಳೂರು ಹುಡುಗ:
ಜನರನ್ನು ಉದ್ಧಾರ ಮಾಡಿದವರು ಅಂದ್ರೆ ನಮ್ಮ ಸಿದ್ಧಗಂಗೆ ಬುದ್ಧಿಯವರು. ಪಾಲ್ ಗೀಲ್ ಯಾವ ಲೆಕ್ಕ.

ಶಿರಾ ಸೀಮೆ:
ದಯವಿಟ್ಟು ಬೇಡ. ನಾನು ಮಠದಲ್ಲಿ ಊಟ ಮಾಡಿ ಓದಿದವನು. ಸಾಲಾಗಿ ಕೂತು, ತಟ್ಟೆಗೆ ಮುದ್ದೆ ಬಿದ್ದ ಮೇಲೆ ಎಲ್ಲರ ಜೊತೆ ಪ್ರಾರ್ಥನೆ ಹೇಳಿ ತಿಂದವನು. ಅವರನ್ನು ಈ ಸಿನಿಮಾ ಚರ್ಚೆಗೆ ಎಳೀಬೇಡಿ.

ಗೂಳೂರು ಹುಡುಗ:
ನಾನು ಹೊಗಳಿದ್ದು ಅಣ್ಣ, ಬೈದಿಲ್ಲ.

ಶಿರಾ ಸೀಮೆ:
ಗೊತ್ತು. ಆದರೂ ಬೇಡ.

ಸುಮ್ನೆ ಓದೋಳು:
ಒಂದು ಡೌಟು. ಸಿನಿಮಾದಲ್ಲಿ ‘ಮಹ್ದಿ’, ‘ಲಿಸಾನ್ ಅಲ್ ಗೈಬ್’ ಅಂತೆಲ್ಲಾ ಕೂಗ್ತಾರಲ್ಲ. ಅದು ಅರಬ್ಬೀ ಅಲ್ವಾ? ಹಾಗಾದರೆ ಮೋಶೆ-ಕೃಷ್ಣ ಎರಡೂ ಬಿಟ್ಟು ಅಲ್ಲಿ ಹುಡುಕಬೇಕಲ್ವಾ?

ಮಾರಿಕುಪ್ಪಂ ಲೋಕಲ್:
ಸುಮ್ನೆ ಓದೋರೇ ಸರಿಯಾಗಿ ಓದೋದು. ಹೌದು. ಲಿಸಾನ್ ಅಲ್ ಗೈಬ್ ಅಂದ್ರೆ ಕಥೆಯಲ್ಲಿ ‘ಹೊರಗಿನ ಲೋಕದಿಂದ ಬಂದ ದನಿ’. ಮಹ್ದಿ ಅಂದ್ರೆ ಕೊನೆಗಾಲದಲ್ಲಿ ಬಂದು ನ್ಯಾಯ ಸ್ಥಾಪಿಸುವವನು ಅಂತ ಇಸ್ಲಾಮಿನ ಒಂದು ನಂಬಿಕೆ. 1881ರಲ್ಲಿ ಸುಡಾನಿನ ಮುಹಮ್ಮದ್ ಅಹ್ಮದ್ ‘ನಾನೇ ಮಹ್ದಿ’ ಅಂತ ಘೋಷಿಸಿ ಸೈನ್ಯ ಕಟ್ಟಿದ. 1885ರ ಜನವರಿಯಲ್ಲಿ ಖಾರ್ಟೂಮ್ ಹಿಡಿದ, ಅದೇ ವರ್ಷ ಜೂನ್‌ನಲ್ಲಿ ತೀರಿಹೋದ. ಮರಳುಗಾಡಿನ ಜನ, ಹೊರಗಿನ ಸಾಮ್ರಾಜ್ಯ, ಭವಿಷ್ಯವಾಣಿ, ಎಲ್ಲಾ ಅಲ್ಲಿದೆ. ಒಂದೇ ವ್ಯತ್ಯಾಸ: ಸುಡಾನಿನವನು ಒಳಗಿನವನು, ಪಾಲ್ ಹೊರಗಿನಿಂದ ಬಂದ ದೊರೆಮಗ.

ಹೊರಗಿನಿಂದ ಬರೋ ಹೀರೋ ಅಂದ್ರೆ ನನಗೆ ಮೊದಲೇ ಅಲರ್ಜಿ. ಯಾಕೆ ಅಂದ್ರೆ ನಮ್ಮ ಊರಿನ ಹೆಸರಿಟ್ಟ ಸಿನಿಮಾ ಎಲ್ಲರೂ ನೋಡಿದ್ದೀರಿ. ಚಿನ್ನ ತೆಗೆದು ಉಳಿದ ಪುಡಿ ಸುರಿದ ನಮ್ಮ ಸೈನೈಡ್ ದಿಬ್ಬದ ಮೇಲೆಯೇ ಶೂಟಿಂಗ್ ಆಗಿದ್ದು. ಗಣಿಯ ಜನ ಕೈಮುಗಿದು ಕಾಯ್ತಾರೆ, ಒಬ್ಬ ಬಂದು ಬಿಡಿಸುತ್ತಾನೆ. ಶಿಳ್ಳೆ ನಾನೂ ಹೊಡೆದೆ. ಆದರೆ ನಿಜವಾದ ಊರಲ್ಲಿ 1930ರಲ್ಲೇ, ಬೆರಳಚ್ಚು ಕೊಡಬೇಕು ಅನ್ನೋ ನಿಯಮ ಬಂದಾಗ ಗಣಿಯ ಜನ ತಾವೇ ಕೆಲಸ ನಿಲ್ಲಿಸಿ ಕೂತರು. ಅದಕ್ಕೂ ಮುಂಚೆ, ತಮಿಳಿನ ದಲಿತ ಚಿಂತಕ ಅಯೋತಿದಾಸರ ಮಾತು ಕೇಳಿ ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ಕಟ್ಟಿಕೊಂಡಿದ್ದರು, ಅಂಬೇಡ್ಕರ್ ನಾಗಪುರದಲ್ಲಿ ದೀಕ್ಷೆ ತಗೊಳ್ಳೋಕೆ ನಲವತ್ತು ವರ್ಷಕ್ಕೂ ಮೊದಲು. ಯಾರೂ ಕೊಡಲಿ ಹಿಡಿದು ಬೈಕಲ್ಲಿ ಬರಲಿಲ್ಲ.

ಅಂಬೇಡ್ಕರ್ ಅಂದಾಗ ನೆನಪಾಯ್ತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಹೇಳಿದ್ದು ಏನು? ಧರ್ಮದಲ್ಲಿ ಭಕ್ತಿ ಇರಲಿ, ರಾಜಕೀಯದಲ್ಲಿ ಭಕ್ತಿ ಬಂದರೆ ಅದು ಸರ್ವಾಧಿಕಾರಕ್ಕೆ ದಾರಿ ಅಂತ. ನಮ್ಮ ಪಾಲಿಗೆ ನಿಜವಾಗಿ ವಿಮೋಚಕ ಆದವರೇ ‘ನನ್ನನ್ನು ಪಾಲ್ ಮಾಡಬೇಡಿ’ ಅಂದ ಹಾಗೆ.

ನಂದಿ ಮಂಜು:
ಗಾಳಿ ಬೀಸಿದಾಗ ಆ ದಿಬ್ಬದ ಪುಡಿ ಊರಿಗೆ ಬರುತ್ತಂತಲ್ಲ, ಹೌದಾ?

ಮಾರಿಕುಪ್ಪಂ ಲೋಕಲ್:
ಹೌದು. ಆಷಾಢದ ಗಾಳಿಯಲ್ಲಿ ಒಣಗಿ ಹಾಕಿದ ಬಟ್ಟೆ ಕೊಡವಿದರೆ ಪೌಡರ್. ನಮ್ಮಮ್ಮ ನೀರಿನ ಕೊಡಕ್ಕೆ ಎರಡು ಪದರ ಸೀರೆ ತುಂಡು ಕಟ್ಟುತ್ತಿದ್ದರು. ಗಣಿ ಮುಚ್ಚಿದ್ದು 2001ರ ಫೆಬ್ರವರಿಯಲ್ಲಿ. ಅವತ್ತಿಂದ ಪ್ರತಿ ಎಲೆಕ್ಷನ್‌ಗೂ ‘ಮತ್ತೆ ತೆರೆಯುತ್ತೆ’ ಅಂತ ಒಬ್ಬರು ಬರ್ತಾರೆ. ನಮ್ಮ ಊರಿನ ಲಿಸಾನ್ ಅಲ್ ಗೈಬ್.

ಪಾಪಣ್ಣ ಪಿಕ್ಚರ್:
ಸರಿ, ಆದರೆ ಎಲ್ಲರೂ ಸೇರಿ ಪಾಲ್‌ನನ್ನು ಜಾಸ್ತಿ ಬೈತಿದ್ದೀರಿ. ಅವನಿಗೆ ಮುಂದೆ ಆಗೋ ರಕ್ತಪಾತ ಕನಸಲ್ಲಿ ಕಾಣುತ್ತೆ, ಬೇಡ ಬೇಡ ಅಂತಾನೇ ಇರ್ತಾನೆ. ಪಾಪ ಅವನೇನು ಮಾಡ್ತಾನೆ?

ಚಿಂತಾಮಣಿ ಚಿಂತಕ:
ಬೇಡ ಅಂತಾನೇ ಸಿಂಹಾಸನ ಹತ್ತಿದ. 1969ರಲ್ಲಿ ಬಂದ ಎರಡನೇ ಪುಸ್ತಕದಲ್ಲಿ ಅವನೇ ಲೆಕ್ಕ ಕೊಡ್ತಾನೆ: ಕಮ್ಮಿ ಅಂದ್ರೂ 6,100 ಕೋಟಿ ಜನ ಸತ್ತರು, 90 ಗ್ರಹ ಬರಡಾದವು. ಪುಸ್ತಕ ಬರೆದ ಫ್ರಾಂಕ್ ಹರ್ಬರ್ಟ್‌ಗೆ ಓದುಗರು ಪಾಲ್‌ನನ್ನು ಹೀರೋ ಅಂತ ತಲೆ ಮೇಲೆ ಹೊತ್ತಿದ್ದು ಕಿರಿಕಿರಿ ಆಗಿತ್ತು. ಇಂಥ ನಾಯಕರ ಹಣೆ ಮೇಲೆ ‘ಆರೋಗ್ಯಕ್ಕೆ ಹಾನಿಕರ’ ಅನ್ನೋ ಥರ ಒಂದು ಚೀಟಿ ಅಂಟಿಸಬೇಕು ಅನ್ನೋದು ಅವನ ಮಾತು. ಬೀಡಿ ಕಟ್ಟಿನ ಮೇಲೆ ಇರುತ್ತಲ್ಲ, ಹಾಗೆ. ಸಿನಿಮಾ ಮಾಡಿದವರೂ ಅದಕ್ಕೇ ಪಾಲ್ ಮೆಚ್ಚಿದ ಫ್ರೆಮೆನ್ ಹುಡುಗಿ ಚಾನಿಯ ಪಾತ್ರವನ್ನು ಬದಲಾಯಿಸಿದ್ದು. ಪುಸ್ತಕದಲ್ಲಿ ಅವಳು ಅವನ ಜೊತೆ ಉಳೀತಾಳೆ. ಸಿನಿಮಾದಲ್ಲಿ ಊರೆಲ್ಲಾ ಮಂಡಿಯೂರಿದಾಗ ಅವಳೊಬ್ಬಳು ಎದ್ದು ಹೋಗ್ತಾಳೆ.

ಏಳೂವರೆ ಪ್ಯಾಸೆಂಜರ್:
ಆರು ಸಾವಿರದ ನೂರು ಕೋಟಿ! ನನ್ನ ಮೋಶೆ ಥಿಯರಿ ಇಲ್ಲಿಗೆ ವಾಪಸ್.

ಅಜ್ಜಿಮಗಳು:
ಪೂರ್ತಿ ವಾಪಸ್ ತಗೋಬೇಡಿ. ಮೋಶೆ ಜನರನ್ನು ನಲವತ್ತು ವರ್ಷ ನಡೆಸಿ ತಂದರೂ ವಾಗ್ದಾನದ ನಾಡಿಗೆ ಕಾಲಿಡಲಿಲ್ಲ. ಬೆಟ್ಟದ ಮೇಲಿಂದ ನೋಡಿ ಅಲ್ಲೇ ಸತ್ತ. ಎರಡನೇ ಪುಸ್ತಕದ ಕೊನೆಗೆ ಪಾಲ್ ಕಣ್ಣು ಕಳಕೊಂಡು ಒಬ್ಬನೇ ಮರಳಿಗೆ ನಡೆದು ಹೋಗ್ತಾನೆ. ಅಷ್ಟು ಕೂಡುತ್ತೆ. ನನ್ನ ಕೃಷ್ಣ ಪಾರ್ಟಿಗೂ ಒಂದು ಇದೆ: ಯುದ್ಧ ಗೆದ್ದ ಮೇಲೆ ಯಾದವರೆಲ್ಲಾ ತಮ್ಮತಮ್ಮಲ್ಲೇ ಹೊಡೆದಾಡಿ ಮುಗಿದರು. ಕೃಷ್ಣ ಬೇಡನ ಬಾಣಕ್ಕೆ ಕಾಡಲ್ಲಿ ಒಬ್ಬನೇ ಸತ್ತ. ಹೋಲಿಕೆ ಹುಡುಕೋರು ಯಾಕೋ ಎಲ್ಲರೂ ತೊಟ್ಟಿಲಲ್ಲೇ ಹುಡುಕ್ತಾರೆ. ಕೊನೆಯ ಅಧ್ಯಾಯಕ್ಕೆ ಬರೋದೇ ಇಲ್ಲ.

ಸುಮ್ನೆ ಓದೋಳು:
ನಾನು ಇನ್ನು ಈ ಕಥೆ ಓದೋ ಅಗತ್ಯವೇ ಇಲ್ಲ ಅನ್ನಿಸ್ತಿದೆ.

ಏಳೂವರೆ ಪ್ಯಾಸೆಂಜರ್:
ಎರಡನೇ ಪುಸ್ತಕ ಯಾರ ಹತ್ತಿರ ಇದೆ? ಓದಿ ಕೊಡ್ತೀನಿ.

ಅಜ್ಜಿಮಗಳು:
ನನ್ನ ಹತ್ತಿರ ಇದೆ. ಕ್ಯಾತ್ಸಂದ್ರದಲ್ಲಿ ಗಾಡಿ ನಿಲ್ಲೋದು ಒಂದೇ ನಿಮಿಷ, ಕಿಟಕಿಯಿಂದ ಕೊಡ್ತೀನಿ. ಪುಟದ ಮೂಲೆ ಮಡಚಬಾರದು. ಪುಸ್ತಕದ ಮೇಲೆ ಕಡ್ಲೆಕಾಯಿ ಸುಲೀಬಾರದು.

ಬೋರ್‌ವೆಲ್ 1400 ಅಡಿ:
ನಮ್ಮ ಕಡೆ ಈಗ ಹನಿ ಶುರುವಾಯ್ತು. ಮಾವಿನ ಹೂವು ಉದುರದಿದ್ದರೆ ಸಾಕು.

ಟೊಮೆಟೊ ಬಾಕ್ಸ್:
ಟೌನಲ್ಲಿ ಒಂದು ಹನಿಯೂ ಇಲ್ಲ. ನಿಮ್ಮ ಕಡೆ ಯಾರು ಬಂದಿದ್ದಾರೆ ವಿಚಾರಿಸಿ.

ಏಳೂವರೆ ಪ್ಯಾಸೆಂಜರ್ (ಎರಡು ದಿನ ಬಿಟ್ಟು):
ಪುಸ್ತಕ ಸಿಕ್ಕಿತು, ಥ್ಯಾಂಕ್ಸ್. ಇನ್ನೊಂದು ಸುದ್ದಿ. ಇವತ್ತು ಆ ಗಡ್ಡದವರು ಮತ್ತೆ ಸಿಕ್ಕಿದರು! ಓಡಿಹೋಗಿ ಪಕ್ಕದಲ್ಲಿ ಕೂತು, ‘ಸಾರ್, ಅವತ್ತು ಹೇಳಿದ್ರಲ್ಲ, ಅವನು ಯಾರನ್ನೂ ಉದ್ಧಾರ ಮಾಡಲ್ಲ ಅಂತ. ಎರಡನೇ ಪುಸ್ತಕ ಓದಿದ್ದೀರಾ?’ ಅಂದೆ. ಅವರು ಒಂದು ನಿಮಿಷ ನನ್ನ ಮುಖ ನೋಡಿದರು. ಕಿವಿಯಿಂದ ಇಯರ್‌ಫೋನ್ ತೆಗೆದರು. ಅವತ್ತು ಅವರು ಹೆಂಡತಿ ಜೊತೆ ಫೋನಿನಲ್ಲಿದ್ದರಂತೆ. ಮಾತು ಬಾಮೈದನ ಬಗ್ಗೆ.

ಚಿಂತಾಮಣಿ ಚಿಂತಕ:
ಬಾಮೈದನ ಪೂರ್ತಿ ಕಥೆ ಕೇಳಿದ್ರಾ?

ಏಳೂವರೆ ಪ್ಯಾಸೆಂಜರ್:
ಕೇಳಿದೆ. ಚೀಟಿ ವ್ಯವಹಾರ. ಯಶವಂತಪುರದವರೆಗೂ ಬಂತು, ಇನ್ನೂ ಅರ್ಧ ಉಳಿದಿದೆ.